ಒಂದು ಮಗುವಿಗೆ ಒಂದೇ ಮನೆ

ಟೈರ್ ಅಂಗಡಿಯ ಮೇಲಿನ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಕಿರಿಯ ಮಗಳು ದಿನವಿಡೀ ಏನು ಮಾಡುತ್ತಾಳೆಂಬುದು ತಾಯಿಗೆ ತಿಳಿದಿರಲಿಲ್ಲ. ಒಮ್ಮೆ ಅವಳೇ ಬಿಡಿಸಿ ಹೇಳಿದಳು. ಶಾಲೆಯ ವ್ಯಾನಿಗೊಂದು ವೆಬ್ ಅಪ್ಲಿಕೇಶನ್. ಅದರೊಳಗೆ ಮಕ್ಕಳದೊಂದು ಟೇಬಲ್, ಅಂದರೆ ಪಟ್ಟಿ; ಮನೆಗಳದೊಂದು ಟೇಬಲ್. ಯಾವ ಮಗುವಿಗೆ ಯಾವ ಮನೆ ಎಂದು ಅವೆರಡರ ನಡುವೆ ಸಂಬಂಧ ಕೂಡಿಸುವುದೇ ತನ್ನ ಕೆಲಸ.

“ಇದಕ್ಕಾ ಅಷ್ಟು ಓದಿಸಿದ್ದು? ಮದುವೆ ದಲ್ಲಾಳಿ ಓದದೇನೇ ಮಾಡ್ತಾನಲ್ಲೇ,” ಎಂದರು ತಾಯಿ.

ವ್ಯಾನ್ ಮಾಲೀಕರು ಮೊದಲೇ ಕಡ್ಡಿ ಮುರಿದಂತೆ ಹೇಳಿದ್ದರು: ಒಂದು ಮಗುವಿಗೆ ಒಂದೇ ಮನೆ, ತಲೆನೋವು ಬೇಡ. ಹಾಗೇ ಮಾಡಿಕೊಟ್ಟಳು. ಮೊದಲ ಗುರುವಾರವೇ ಡ್ರೈವರ್ ಅವಳ ಆಫೀಸಿಗೆ ಫೋನ್ ಮಾಡಿದ. ತೋರಿಸಿದ ಮನೆಗೆ ಬೀಗ. ಹಾರ್ನ್ ಹೊಡೆದು ಹೊಡೆದು ಪಕ್ಕದವರ ಬಾಯಿಗೆ ಸಿಕ್ಕಿದ್ದಷ್ಟೇ ಲಾಭ. ಅವಳು ವಿಳಾಸ ನೋಡಿದರೆ ತನ್ನ ಸ್ವಂತ ಅಕ್ಕನ ಮನೆ. ಅಕ್ಕನ ಮಗಳು ಊರಿನ ಇನ್ನೊಂದು ಮೂಲೆಯಲ್ಲಿ, ಭಾವ ಒಬ್ಬರೇ ಹಿಡಿದಿದ್ದ ಬಾಡಿಗೆ ಮನೆಯ ಮೆಟ್ಟಿಲ ಮೇಲೆ, ಚೀಲ ಹೆಗಲಿಗೇರಿಸಿಕೊಂಡು ಮಧ್ಯಾಹ್ನದವರೆಗೂ ಕಾದಿದ್ದಳೆಂದು ಆಮೇಲೆ ತಿಳಿಯಿತು.

ಭಾವ ಕೆಲಸದ ಮೇಲೆ ಪರವೂರಿಗೆ ಹೋಗಿದ್ದಾರೆಂದು ಅಕ್ಕ ತಿಂಗಳುಗಳಿಂದ ತಾಯಿಯ ಕಿವಿಗೆ ಹೂ ಮುಡಿಸುತ್ತಿದ್ದಳು. ಮಗುವನ್ನು ಎಲ್ಲಿ ಹತ್ತಿಸಿಕೊಳ್ಳಬೇಕೆಂದು ಡ್ರೈವರಿಗೆ ಗುಟ್ಟಾಗಿ ಫೋನ್ ಮಾಡಿ ಹೇಳಿದರೆ ಮೊದಲು ಸಾಕಿತ್ತು. ಈಗ ಅವನಿಗೆ ಫೋನಿನ ಪರದೆಯ ಮೇಲೆ ಬಂದದ್ದೇ ವೇದವಾಕ್ಯ.

ಭಾನುವಾರ ಅಕ್ಕ ಬಂದಳು. ತಾಯಿ ಹುರುಳಿಕಾಯಿಯ ನಾರು ತೆಗೆಯುತ್ತಿದ್ದರು. ತಂಗಿ ಪಕ್ಕದಲ್ಲೇ ಕೂತಿದ್ದಳು.

“ಒಂದು ಮಗುಗೆ ಎರಡು ಮನೆ ಹಾಕೋಕಾಗುತ್ತಾ?” ಅಕ್ಕನೇ ಕೇಳಿದಳು.

“ಆಗುತ್ತೆ. ಮಧ್ಯೆ ಇನ್ನೊಂದು ಟೇಬಲ್ ಬೇಕು. ಯಾವ ಮಗು, ಯಾವ ಮನೆ, ಯಾವ ದಿನ. ಆದ್ರೆ ಯಾರ ಮನೆ ಅಂತ ಬರೀಲೇಬೇಕು ಅಕ್ಕ. ಮಾಲೀಕರಿಗೂ ಕಾಣುತ್ತೆ, ಸ್ಕೂಲಿಗೂ ಕಾಣುತ್ತೆ.”

ಅಕ್ಕ ತಾಯಿಯ ಕಡೆ ನೋಡಿದಳು. ಈಗ ಬಾಯಿ ಬಿಡಬೇಕು, ಇಲ್ಲವೇ ಮಗು ಮತ್ತೆ ಮೆಟ್ಟಿಲ ಮೇಲೆ ಕೂರಬೇಕು.

“ಗುರುವಾರ, ಶುಕ್ರವಾರ ಅವಳಪ್ಪನ ಮನೆ. ನಾವಿಬ್ರೂ ಬೇರೆ ಆಗಿದೀವಿ. ಹಾಕು.”

ತಾಯಿ ಕೈಯಲ್ಲಿದ್ದ ಕಾಯಿಯ ನಾರನ್ನು ಪೂರ್ತಿ ತೆಗೆದರು. ಆಮೇಲೆ, “ಶನಿವಾರ?” ಎಂದರು.

“ಶನಿವಾರ ಸ್ಕೂಲಿಲ್ಲಮ್ಮ.”

“ಸ್ಕೂಲಿಲ್ಲ ಅಂದ್ರೆ ಮಗು ಇರಲ್ವಾ? ನಮ್ಮನೇನೂ ಹಾಕೇ.”

ಶನಿವಾರ ವ್ಯಾನೇ ಓಡುವುದಿಲ್ಲವೆಂದು ತಂಗಿ ಹೇಳಹೊರಟಳು, ಹೇಳಲಿಲ್ಲ. ಸೋಮವಾರ ಹೊಸ ಟೇಬಲ್ಲಿನಲ್ಲಿ ಹುಡುಗಿಯ ಎದುರು ಮೂರು ಮನೆ ಬರೆದಳು. ಶನಿವಾರದ ಸಾಲು ಯಾಕೆಂದು ಮಾಲೀಕರು ಕೇಳಿದ್ದಕ್ಕೆ, ಹಿರಿಯರ ಅಪ್ಪಣೆ ಎಂದಳು.