ರಜಾಕನ ಮೊದಲ ಲೋಟ

ಹಳಿಯಾಳದ ಆ ಓಣಿಯ ಅರವತ್ತು ಮನೆಗಳಿಗೆ ಇಪ್ಪತ್ತು ವರ್ಷ ನಳದ ನೀರು ಬಿಟ್ಟವನು ಅಬ್ದುಲ್ ರಜಾಕ. ಅವನದೊಂದು ಹಟ: ವಾಲ್ವಿನ ಪಕ್ಕದ ನಳದಿಂದ ಮೊದಲ ಲೋಟ ತಾನು ಕುಡಿಯಬೇಕು, ಆಮೇಲೆಯೇ ಓಣಿಗೆ ನೀರು. ಬೀಗರ ಮನೆ ಶರಬತ್ತಿನ ಹಾಗೆ ಚಪ್ಪರಿಸುತ್ತಾನೆಂದು ಜನ ನಗುತ್ತಿದ್ದರು. ನಗಲಿ ಬಿಡಿ, ಅವನ ನಾಲಿಗೆಗಿದ್ದ ನಿಯತ್ತು ಎಷ್ಟು ಜನರಿಗಿದೆ?

ಮೊದಲೆಲ್ಲ ಜೂನಿನ ಮೃಗಶಿರಾ ನಕ್ಷತ್ರಕ್ಕೆ, ಅಂದರೆ ಮಿರಗಕ್ಕೆ, ಹಿಡಿದ ಮಳೆ ತಿಂಗಳುಗಟ್ಟಲೆ ಜಿನುಗುತ್ತಿತ್ತು. ಅದಕ್ಕೇ ಗಟಾರದ ಹೂಳು ಬಳಿಯುವುದು ಮಿರಗದ ಹಿಂದಿನ ವಾರ, ಅದು ರೂಢಿ. ಈಚೆಗೆ ಮಳೆಗೆ ಪಂಚಾಂಗದ ಹಂಗೇ ಉಳಿದಿರಲಿಲ್ಲ. ಬೇಸಿಗೆ ಬೆಳೆದು ನೀರು ನಾಲ್ಕು ದಿನಕ್ಕೊಮ್ಮೆಯಾಯಿತು; ಮಳೆ ಬಂದರೆ ತಿಂಗಳದ್ದೆಲ್ಲ ಒಂದೇ ದಿನ. ಖಾಲಿ ಬಿದ್ದ ಪೈಪು ಒಡಕಿನಿಂದ ಗಟಾರದ ನೀರನ್ನು ಒಳಗೆಳೆದುಕೊಳ್ಳುತ್ತದೆಂಬುದು ರಜಾಕನಿಗೆ ಗೊತ್ತಿತ್ತು.

ಮಳೆಗೆ ಮುಂಚೆ ಮುಗಿಯಲೆಂದೇ ಮಗಳು ಮಹೆಜಬೀನಳ ಮದುವೆಯನ್ನು 2006ರ ಮೇ ತಿಂಗಳಿಗೆ ಇಟ್ಟುಕೊಂಡಿದ್ದ. ಮದುವೆಯ ಹಿಂದಿನ ಮಧ್ಯಾಹ್ನವೇ ಮಳೆ ಧೋ ಎಂದು ಸುರಿದು, ಬಳಿಯದ ಗಟಾರ ಉಕ್ಕಿ ಓಣಿ ತುಂಬಿತು. ಮರುದಿನ ಬೆಳಿಗ್ಗೆ ನೀರಿನ ಪಾಳಿ. ಅಡುಗೆಯವರು ಹಂಡೆಯಂಥ ಖಾಲಿ ಡೇಗುಗಳ ಮುಂದೆ ಕೂತಿದ್ದರು. ರಜಾಕ ಲೋಟ ಹಿಡಿದ. ನೀರು ತಿಳಿಯಾಗಿತ್ತು. ಕುಡಿದ ಮೇಲೆ ನಾಲಿಗೆಯಲ್ಲಿ ಕೊಳೆತ ರುಚಿ ಉಳಿಯಿತು. ವಾಲ್ವ್ ತಿರುಗಿಸಲಿಲ್ಲ.

ಹೆಂಡತಿ ಸಕೀನಾ ಅತ್ತಳು. ಬೀಗರ ಮುಂದೆ ಮಾನ ಹೋಗುತ್ತದೆ, ಅಡುಗೆಯ ನೀರು ಹೇಗೂ ಕುದಿಯುತ್ತದಲ್ಲ ಎಂದಳು. ಕೊಡ ಹಿಡಿದು ಬಂದ ಎದುರುಮನೆಯ ಗೋದುಬಾಯಿಯೂ ರೇಗಿದಳು.

“ಕನ್ನಡಿ ಹಂಗ ಐತಲ್ಲ ನೀರು. ಬಿಡ್ರಿ ರಜಾಕಭಾಯಿ.”

“ನಮ್ಮ ಡೇಗಿನ್ಯಾಗ ಕುದೀತೈತ್ರಿ ಅಕ್ಕಾ. ನಿಮ್ಮ ಮೊಮ್ಮಗ ಕುದಿಸಿ ಕುಡೀತಾನೇನು?”

ಗೋದುಬಾಯಿ ಕೊಡವನ್ನು ಸೊಂಟಕ್ಕೇರಿಸಿದಳು. ಮೊಣಕಾಲು ನೋವಿದ್ದವಳು ದಿಬ್ಬದ ಮೇಲಿನ ಬಾವಿಗೆ ಹೋಗಿ ಡೇಗಿಗೆ ಮೊದಲ ಕೊಡ ತಂದು ಸುರಿದಳು. ಅವಳ ಹಿಂದೆ ಓಣಿಯ ಹೆಂಗಸರೆಲ್ಲ ಬಂದರು. ರಜಾಕ ಹೊಸ ಅಂಗಿಯಲ್ಲೇ ವಾಲ್ವಿನ ಗುಂಡಿಗಿಳಿದು ಪೈಪಿನ ಒಡಕು ಹುಡುಕಿ ಮುಚ್ಚಿದ.

ಊಟ ಮೂರು ತಾಸು ತಡವಾಯಿತು, ಆದರೆ ನಾನೂರು ಜನ ಹೊಟ್ಟೆ ತುಂಬ ಉಂಡರು. ಸಂಜೆಗೆ ರಜಾಕನಿಗೆ ವಾಂತಿಭೇದಿ ಹತ್ತಿ ಆಸ್ಪತ್ರೆಗೆ ಒಯ್ದರು. ಮರುದಿನ ಗಂಡನ ಮನೆಗೆ ಹೊರಟ ಮಹೆಜಬೀನ ಅಪ್ಪನಿಗೆ ಹೇಳಿಹೋಗಲು ಅಲ್ಲಿಗೇ ಬಂದಳು. ಕೈಗೆ ಸಲಾಯಿನ್ ಹಚ್ಚಿಸಿಕೊಂಡು ಮಲಗಿದ್ದವನು, ಓಣಿಯವರು ಬೇರೆ ಯಾರಾದರೂ ವಾಂತಿಭೇದಿಯಾಗಿ ಇಲ್ಲಿಗೆ ಬಂದಿದ್ದಾರೆಯೇ ಎಂದು ಕೇಳಿದ. ಒಬ್ಬರೂ ಇಲ್ಲ ಎಂದಳು. ಆಮೇಲೆಯೇ ಅವನು ಮಗಳ ತಲೆಯ ಮೇಲೆ ಕೈಯಿಟ್ಟು, ಹೋಗಿ ಬಾ ಎಂದ.