ತಾನೇ ಓದುವ ಯಂತ್ರ ಮತ್ತು ನಮ್ಮ ಡಾಕ್ಟರ್ ಸಾಹೇಬರು

ಡಾಕ್ಟರ್ ಸಾಹೇಬರ ಬಲಗೈಯ ಬೆರಳುಗಳು ಯಾವಾಗಲೂ ಬಿಸಿ ಇರುತ್ತಿದ್ದವು. ಖಾನಾಪುರದ ಮಳೆಗಾಲದಲ್ಲಿ ಗೋಡೆ ಮುಟ್ಟಿದರೆ ಕೈಗೆ ನೀರು ಹತ್ತುತ್ತಿತ್ತು, ದವಾಖಾನೆಯ ಚಾದರ ಎರಡೆರಡು ದಿನ ಒಣಗುತ್ತಿರಲಿಲ್ಲ, ಆದರೂ ಅವರ ಬೆರಳು ಮಾತ್ರ ಬಿಸಿ. ಅದರ ಗುಟ್ಟು ಚಹಾದ ಗ್ಲಾಸು. ಒಂದೆರಡು ಗುಟುಕು ಕುಡಿದು ಉಳಿದದ್ದನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಕೂಡುವರು. ಪೇಶಂಟು ಎದುರಿಗೆ ಬಂದು ಕೂತ ಮೇಲೆ ಗ್ಲಾಸು ಕೆಳಗಿಟ್ಟು ನಾಡಿ ಹಿಡಿಯುವರು. “ತಣ್ಣನ್ ಕೈ ಹತ್ತಿದ್ರ ಮನಿಷ್ಯಾ ಗಾಬರಿ ಆಗತಾನ. ಗಾಬರಿ ಆದ ನಾಡಿ ಸುಳ್ಳ ಹೇಳತೈತಿ,” ಎನ್ನುವರು. ತಣ್ಣಗಾದ ಆ ಚಹಾ ಚೆಲ್ಲುವ ಕೆಲಸ ನನ್ನದು.

ನಾನು ನರ್ಸ್ ಕಲಿತವಳಲ್ಲ. ಸೂಜಿ ಕುದಿಸುವ ಕಾಲದಲ್ಲಿ ಅವರಲ್ಲಿ ಕೆಲಸಕ್ಕೆ ಸೇರಿದೆ. ಗಾಯ ತೊಳೆಯುವುದು, ಪಟ್ಟಿ ಕಟ್ಟುವುದು, ಅಳುವ ಮಗುವಿನ ಬಾಯಿಗೆ ಔಷಧ ಹಾಕುವುದು, ಎಲ್ಲವನ್ನೂ ಅವರೇ ಕಲಿಸಿದರು.

ಅವರ ಕುರ್ಚಿ ಬಾಗಿಲಿಗೆ ನೇರವಾಗಿತ್ತು. ಬೇರೆ ಡಾಕ್ಟರರು ಬಾಗಿಲಿಗೆ ಪರದೆ ಹಾಕುತ್ತಿದ್ದರು, ಇವರು ಹಾಕಗೊಡುತ್ತಿರಲಿಲ್ಲ. ಜನ ಮೆಟ್ಟಿಲು ಹತ್ತುವುದನ್ನು ಅವರಿಗೆ ನೋಡಬೇಕು. ಯಾರು ಕಂಬ ಹಿಡಿದರು, ಯಾರು ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ನಡುವೆ ನಿಂತು ಉಸಿರು ತಗೊಂಡರು, ಯಾವ ಗಂಡ ಹೆಂಡತಿಯನ್ನು ಹಿಂದೆ ಬಿಟ್ಟು ತಾನು ಮುಂದೆ ಬಂದ, ಎಲ್ಲ ನೋಡುವರು. ಎದುರಿಗೆ ಕೂಡುವ ಹೊತ್ತಿಗೆ ಅರ್ಧ ಕೆಲಸ ಮುಗಿದಿರುತ್ತಿತ್ತು. ಕನ್ನಡದವರಿಗೆ ಕನ್ನಡ, ಮರಾಠಿಯವರಿಗೆ ಮರಾಠಿ. ಮೊದಲು ಎಮ್ಮೆಯದೋ ಮಗಳ ಬಾಣಂತನದ್ದೋ ಮಾತು, ಬೇನೆಯ ಮಾತು ಆಮೇಲೆ.

ಸಾಹೇಬರದು ಜೈನರ ಮನೆತನ. ಹೊತ್ತು ಮುಳುಗುವುದರೊಳಗೆ ಊಟವಾಗಬೇಕು. ಸಾಹೇಬರ ಹೆಂಡತಿ, ನಾವೆಲ್ಲ ವೈನಿ ಅನ್ನುತ್ತಿದ್ದೆವು, ದವಾಖಾನೆಯ ಹಿಂದಿನ ಮನೆಯಿಂದ ಕೂಗುವರು. ಇವರು ಇನ್ನೂ ಯಾರದೋ ಕಿವಿಯೊಳಗೆ ಬ್ಯಾಟರಿ ಬಿಟ್ಟುಕೊಂಡು ಬಗ್ಗಿರುವರು. “ಹಂಗಾರ ಸೂರ್ಯಾಗೂ ಒಂದ್ ಚೀಟಿ ಕೊಟ್ಟ ಬಾಕಿನ ಮ್ಯಾಲ ಕುಂದರಸ್ರಿ,” ಅಂತ ವೈನಿ ಒಳಗಿನಿಂದಲೇ ಬಯ್ಯುವರು. ಬಾಕಿನ ಮೇಲೆ ಸರದಿ ಕಾಯುತ್ತಿದ್ದ ಪೇಶಂಟುಗಳೆಲ್ಲ ನಗುವರು.

ಎರಡು ಸಾವಿರದ ಇಸವಿಯ ಸುಮಾರಿಗೆ ಬೆಳಗಾವಿಯಿಂದ ಒಬ್ಬ ಏಜೆಂಟ ಹೊಸ ಇ.ಸಿ.ಜಿ. ಯಂತ್ರ ತಂದ. ಹಳೆಯದು ಬರೀ ಗೆರೆ ಎಳೆಯುತ್ತಿತ್ತು, ಓದುವವರು ಸಾಹೇಬರು. ಇದು ಹಾಗಲ್ಲ.

“ಇದು ತಾನ ಗೆರಿ ಎಳದು, ತಾನ ಓದಿ, ಏನಾಗೇತಿ ಅಂತ ಮ್ಯಾಲ ಇಂಗ್ಲಿಷಿನ್ಯಾಗ ಬರದ ಕೊಡತೈತ್ರೀ ಸಾಹೇಬ್ರ,” ಎಂದ.

“ಹಂಗಾರ ಅದಕ್ಕ ನನ್ನ ಖುರ್ಚಿ ಕೊಡೂಣು. ನಾ ಹೊರಗ ಚೀಟಿ ಹರಕೋತ ಕುಂದರತೀನಿ.”

“ಹಂಗಲ್ರೀ. ಆದ್ರ ಮುಂದ ನೋಡ್ರಿ, ಇವತ್ತ ಎದಿ ಓದತೈತಿ, ನಾಳೆ ಎಕ್ಸರೇ ಓದತೈತಿ, ನಾಡದ ಔಷಧಾನೂ ಅದ ಬರೀತೈತಿ.”

“ಆವಾಗ ಮನಿಷ್ಯಾ ಏನ ಮಾಡಬೇಕಪಾ?”

“ಆರಾಮ ಇರಬೇಕ್ರಿ!”

ಸಾಹೇಬರು ಜೋರಾಗಿ ನಕ್ಕರು. ಯಂತ್ರ ಉಳಿಯಿತು.

ಮೊದಮೊದಲು ಅದು ಅವರಿಗೆ ಆಟವಾಗಿತ್ತು. ಕಾಗದ ಹೊರಗೆ ಬಂದ ಕೂಡಲೇ ಮೇಲಿನ ಬರಹವನ್ನು ಅಂಗೈಯಿಂದ ಮುಚ್ಚುವರು. ಗೆರೆ ನೋಡಿ ತಮ್ಮ ತೀರ್ಮಾನ ನನಗೆ ಹೇಳುವರು, ಆಮೇಲೆ ಕೈ ತೆಗೆಯುವರು. ಹೆಚ್ಚಾಗಿ ಎರಡೂ ಒಂದೇ. ಬೇರೆಯಾದಾಗ ಮತ್ತೆ ನೋಡಿದರೆ ಇವರದೇ ಖರೆ. “ಇನ್ನ ಸಾಲಿಗೆ ಹೋಗಬೇಕವ್ವಾ ಇದು,” ಎಂದು ಶಾಲೆಯ ಹುಡುಗನ ಹಾಗೆ ಯಂತ್ರದ ತಲೆ ತಟ್ಟುವರು.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ನನ್ನ ಅವ್ವ ದವಾಖಾನೆಗೆ ಬಂದಳು. ರಾತ್ರಿಯಿಂದ ಎದೆಯುರಿ, ಹೊಟ್ಟೆ ತೊಳೆಸುವುದು. ಮೆಟ್ಟಿಲನ್ನು ಚೆನ್ನಾಗಿಯೇ ಹತ್ತಿದಳು. ಸಾಹೇಬರು ನೋಡುತ್ತಲೇ ಇದ್ದರು.

“ಏನ್ ಬಾಯಾರ, ನಿನ್ನೆ ಯಾರ ಮನ್ಯಾಗ ಭಜಿ ತಿಂದ್ರಿ?”

“ತಿಂದೇನಿ ಬಿಡ್ರೀ. ನಿಮ್ಮ ಮುಂದ ಸುಳ್ಳ ಹೇಳಾಕ ಬರೂದಿಲ್ಲ.”

ನಾಡಿ ಹಿಡಿದರು, ಹೊಟ್ಟೆ ಒತ್ತಿದರು. ಪಿತ್ತ, ಹೆದರಬೇಡಿ ಎಂದರು. ಗುಳಿಗೆ ಬರೆಯುತ್ತಾ, “ಬಂದೀರಿ, ನಮ್ಮ ಹುಡುಗನ್ನೂ ಮಾತಾಡಿಸ್ಕೊಂಡ ಹೋಗ್ರಿ,” ಅಂತ ಯಂತ್ರದ ಕಡೆ ಕೈ ಮಾಡಿದರು. ನಾನೇ ತಂತಿ ಹಚ್ಚಿದೆ. ಅವ್ವನಿಗೆ ಕಚಗುಳಿ, ನಗುತ್ತಿದ್ದಳು. ಸಾಹೇಬರು ಬರಹ ಮುಚ್ಚಿ ಗೆರೆ ನೋಡಿದರು. “ಛಲೋ ಐತಿ,” ಎಂದು ಕೈ ತೆಗೆದರು.

ಹೃದಯಾಘಾತವಿರಬಹುದು, ಕೂಡಲೇ ಪರೀಕ್ಷಿಸಿ ಎಂದು ಬರೆದಿತ್ತು.

ಅವರು ಕಾಗದವನ್ನು ಕಿಟಕಿಗೆ ಹಿಡಿದರು. ಕನ್ನಡಕ ತೆಗೆದು ನೋಡಿದರು, ಹಾಕಿಕೊಂಡು ನೋಡಿದರು. ಗೆರೆ ಒಂದು ಕಡೆ ಕೂದಲೆಳೆಯಷ್ಟು ಮೇಲೆ ಎದ್ದಿತ್ತು. ಈಗ ಅವರಿಗೂ ಕಂಡಿತು. ಆ ಮುಖ ನಾನು ಮೊದಲು ಯಾವತ್ತೂ ನೋಡಿರಲಿಲ್ಲ. ಅವ್ವನ ಬಾಯಿಗೆ ಗುಳಿಗೆ ಹಾಕಿ ಅಗಿಯಲು ಹೇಳಿದರು, ಬಾಜೂ ಮನೆಯವರ ಜೀಪು ತರಿಸಿದರು, ತಾವೂ ಹತ್ತಿ ಕೂತರು. ಬೆಳಗಾವಿ ಮುಟ್ಟುವವರೆಗೆ ಅವ್ವನ ಕೈ ಬಿಡಲಿಲ್ಲ. ಅಲ್ಲಿಯ ದೊಡ್ಡ ಡಾಕ್ಟರು ವೇಳೆಗೆ ಸರಿಯಾಗಿ ತಂದಿರಿ ಎಂದು ಅವರ ಬೆನ್ನು ತಟ್ಟಿದರು. ಸಾಹೇಬರು ಆಗಲೂ ಆ ಕಾಗದವನ್ನೇ ನೋಡುತ್ತಿದ್ದರು.

ಅವ್ವ ಉಳಿದಳು. ನನ್ನ ಮನೆಯಲ್ಲಿ ಆ ಯಂತ್ರವನ್ನು ಬಯ್ಯುವ ಬಾಯಿ ಯಾರಿಗೂ ಇಲ್ಲ. ನನಗೂ ಇಲ್ಲ.

ಅವತ್ತಿನಿಂದ ಸಾಹೇಬರು ಬರಹದ ಮೇಲೆ ಅಂಗೈ ಇಡುವುದನ್ನು ಬಿಟ್ಟರು. ಕೆಮ್ಮು ಅಂತ ಬಂದವರಿಗೂ ತಂತಿ, ಸೊಂಟ ಅಂತ ಬಂದವರಿಗೂ ತಂತಿ. ಕುರ್ಚಿ ಇನ್ನೂ ಬಾಗಿಲಿಗೆ ನೇರವಾಗಿಯೇ ಇತ್ತು. ಆದರೆ ಜನ ಮೆಟ್ಟಿಲು ಹತ್ತುವಾಗ ಅವರು ಹಿಂದಿನ ಪೇಶಂಟಿನ ಕಾಗದ ಹಿಡಿದುಕೊಂಡಿರುತ್ತಿದ್ದರು. ಊರಿಗೂ ಅದೇ ರುಚಿ ಹತ್ತಿತು. ನಂದಗಡದವರು, ಲೋಂಡಾದವರು ಬಂದು, “ಮಶೀನ್ ಹಚ್ಚಿ ನೋಡ್ರೀ,” ಎಂದೇ ಕೇಳತೊಡಗಿದರು. ಒಮ್ಮೆ ಕಾಡಿನ ಕಡೆಯ ಗೌಳಿ ಮುದುಕಿಯೊಬ್ಬಳು ತನ್ನ ಬೇನೆಯನ್ನು ಮರಾಠಿಯಲ್ಲಿ ಹೇಳುತ್ತಾ ಹೇಳುತ್ತಾ ನಿಲ್ಲಿಸಿಬಿಟ್ಟಳು. ಸಾಹೇಬರು ಕಾಗದದಿಂದ ತಲೆ ಎತ್ತಲಿಲ್ಲ. ಆಕೆ ಅವರ ಮೊಣಕೈ ತಿವಿದು, “ಡಾಕ್ಟರ್, ಮೀ ಇಕಡೇ ಆಹೆ,” ಎಂದಳು. ನಾನು ಈ ಕಡೆ ಇದ್ದೇನಪ್ಪಾ ಅಂತ. ಬಾಕಿನ ಮೇಲಿದ್ದವರು ನಕ್ಕರು. ಸಾಹೇಬರು ನಗಲಿಲ್ಲ. ಕಾಗದವನ್ನು ಬೋರಲು ಹಾಕಿಟ್ಟು ಆಕೆಯ ಕಡೆ ತಿರುಗಿದರು.

ಮುದುಕಿ ಹೋದ ಮೇಲೆ ಮಧ್ಯಾಹ್ನ ದವಾಖಾನೆ ಖಾಲಿ ಇತ್ತು. ನಾನು ಹತ್ತಿಯ ಉಂಡೆ ಮಾಡುತ್ತಾ ಕೂತಿದ್ದೆ.

“ಅವತ್ತ ನಾ ಒಬ್ಬಾವನ ಇದ್ದಿದ್ರ ನಿಮ್ಮವ್ವ ಹೋಗಿಬಿಡತಿದ್ಳವಾ,” ಎಂದರು.

“ಹಂಗ ಅನಬ್ಯಾಡ್ರೀ. ಅವ್ವ ಆರಾಮ ಅದಾಳ. ನಿನ್ನೆ ಮತ್ತ ಭಜಿ ಕೇಳಿದ್ಳು.”

“ಅದು ಈ ಯಂತ್ರದ ಪುಣ್ಯಾ.”

“ಯಂತ್ರದ ಮ್ಯಾಲ ಸಿಟ್ಟ ಐತೇನ್ರೀ ನಿಮಗ?”

“ಸಿಟ್ಟ ಯಾಕ? ಛಲೋ ಕೆಲಸಾ ಮಾಡತೈತಿ.” ಯಾರಾದರೂ ಕೇಳಿಸಿಕೊಂಡಾರು ಎಂಬಂತೆ ದನಿ ಇಳಿಸಿದರು. “ಅದು ಹೇಳಿದ ಕೂಡ್ಲೇ ನನ್ನ ತಲಿ ಸುಮ್ಮನಾಗಿಬಿಡತೈತಿ. ಅದ ನನಗ ಹೆದರಿಕಿ. ಇಷ್ಟ ವರ್ಷ ಮಲಗಿದಾಗೂ ಸುಮ್ಮನಾಗದ ತಲಿ ಇದು. ಮುಂದ ಇದರಕಿಂತ ಶಾಣ್ಯಾ ಯಂತ್ರ ಬರತಾವ. ಡಾಕ್ಟರಂದು, ವಕೀಲಂದು, ಮಾಸ್ತರಂದು, ಎಲ್ಲಾರ ತಲೀನೂ ಸುಮ್ಮ ಮಾಡತಾವ. ಯಾರಿಗೂ ಗೊತ್ತಽ ಆಗೂದಿಲ್ಲ. ಎಲ್ಲಾರೂ ತಮ್ಮ ತಮ್ಮ ಖುರ್ಚಿ ಮ್ಯಾಲ ಕುಂತಽ ಇರತಾರ. ನೋಡಾವ್ರ ಮಾತ್ರ ಯಾರೂ ಇರೂದಿಲ್ಲ.”

ಬಿಸಿಲಿನ ಹೊತ್ತು. ಹೊರಗೆ ಸ್ಟೇಶನ್ ರೋಡಿನಲ್ಲಿ ಜನ ಓಡಾಡುತ್ತಿದ್ದರು. ಆದರೂ ನನ್ನ ಮೈ ಜುಂ ಎಂದಿತು. ಅವರು ಹೆದರಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಹಾವು ಕಡಿದವರನ್ನು ಹೊತ್ತು ತಂದಾಗಲೂ ಇಲ್ಲ.

ಒಂದು ವಾರ ಯಂತ್ರದ ಮೇಲೆ ಬಟ್ಟೆ ಹೊದಿಸಿ ಹಳೆಯ ಹಾಗೆ ಕೆಲಸ ಮಾಡಲು ನೋಡಿದರು. ನಾಡಿ ಹಿಡಿಯುವರು, ಕಣ್ಣು ಮುಚ್ಚುವರು. ಕಣ್ಣು ತೆರೆದಾಗ ನೋಟ ಆ ಬಟ್ಟೆಯ ಕಡೆ ಹೋಗಿರುತ್ತಿತ್ತು. ಕೊನೆಗೆ, “ಯವ್ವಾ, ಒಮ್ಮಿ ಹಚ್ಚೇಬಿಡ,” ಎನ್ನುವರು. ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ದವಾಖಾನೆ ಮುಚ್ಚಿದರು. ಜನ ಕಾರಣ ಕೇಳಿದರೆ ವಯಸ್ಸಾಯಿತು ಎಂದರು. ಯಂತ್ರವನ್ನು ಊರಿಗೆ ಹೊಸದಾಗಿ ಬಂದ ಹುಡುಗ ಡಾಕ್ಟರಿಗೆ ಕೊಟ್ಟರು. ನಾನು ಅವ್ವನನ್ನು ಕರೆದುಕೊಂಡು ಬೆಳಗಾವಿಗೆ ಬಂದೆ. ಮಹಾಂತೇಶ ನಗರದಲ್ಲಿ ಮನೆ ಹಿಡಿದು ಒಂದು ಆಸ್ಪತ್ರೆಯಲ್ಲಿ ಕೆಲಸಕ್ಕೆ ಸೇರಿದೆ. ಅಲ್ಲಿ ಹಾಸಿಗೆಗೊಂದು ಯಂತ್ರ. ಚೀಂ ಚೀಂ ಎಂದಾಗ ಎಲ್ಲರೂ ಓಡುತ್ತೇವೆ, ಸುಮ್ಮನಿದ್ದರೆ ನಾವೂ ಸುಮ್ಮನಿರುತ್ತೇವೆ.

ಮರುವರ್ಷ ವೈನಿಯವರ ಫೋನು ಬಂತು. ಸಾಹೇಬರು ಊಟ ಬಿಟ್ಟು ಎರಡು ದಿನವಾಯಿತು, ಆಸ್ಪತ್ರೆ ಬೇಡ ಅನ್ನುತ್ತಾರೆ, ನೀನಾದರೂ ಬಂದು ಹೇಳು ಎಂದರು. ನಾನು ಖಾನಾಪುರ ಮುಟ್ಟಿದಾಗ ಅವರು ಕಿಟಕಿಯ ಕಡೆ ಮುಖ ಮಾಡಿ ಮಲಗಿದ್ದರು. ಬಂದೆಯಾ ಎಂಬಂತೆ ನೋಡಿದರು. ನಾನು ಕೈಕಾಲು ತೊಳೆದು ಬರುವುದರೊಳಗೆ ಉಸಿರು ನಿಂತ ಹಾಗಿತ್ತು. ಕರೆ ಹೋದ ಕೂಡಲೇ ಹುಡುಗ ಡಾಕ್ಟರು ಅದೇ ಯಂತ್ರ ಹಿಡಿದುಕೊಂಡು ಓಡಿ ಬಂದರು. ಒಳ್ಳೆಯ ಹುಡುಗ. ಸಾಹೇಬರ ಮೇಲೆ ಬಹಳ ಅಭಿಮಾನವಿತ್ತು. ಎದೆಗೆ ಕಿವಿಗೊಳವೆ ಇಟ್ಟು ಕೇಳಿದರು, ಕಣ್ಣಿಗೆ ಬ್ಯಾಟರಿ ಬಿಟ್ಟರು. ಆಮೇಲೆ ನನ್ನ ಕಡೆ ನೋಡಿದರು. ನಾನು ತಂತಿ ಹಚ್ಚಿದೆ.

ಕಾಗದ ಬಂತು. ನೆಟ್ಟಗಿನ ಗೆರೆ. ಮೇಲೆ ಬರೆದಿತ್ತು: ತಂತಿಗಳು ಸಡಿಲಾಗಿವೆ, ಮತ್ತೆ ಜೋಡಿಸಿ.

“ಅಕ್ಕಾರ, ಕ್ಲಿಪ್ ಬರೋಬರಿ ಕುಂತಿಲ್ಲ ಕಾಣತೈತಿ,” ಎಂದರು ಹುಡುಗ ಡಾಕ್ಟರು.

ನಾನು ಕ್ಲಿಪ್ ತೆಗೆದು, ಮತ್ತೆ ಜೆಲ್ ಹಚ್ಚಿ, ಒತ್ತಿ ಕೂಡಿಸಿದೆ. ಅದೇ ಗೆರೆ, ಅದೇ ಬರಹ. ಅವರು ಕಾಲಿನ ತಂತಿ ಬಿಚ್ಚಿ ಹಚ್ಚಿದರು, ನಾನು ಕೈಯದು. ಇಬ್ಬರೂ ಯಂತ್ರದ ಮೇಲೆ ಬಗ್ಗಿ ಕಾಗದಕ್ಕಾಗಿ ಕಾಯುತ್ತಾ ನಿಂತೆವು. ಎಷ್ಟು ಹೊತ್ತು ನಿಂತೆವೋ ತಿಳಿಯದು.

“ಅದನ್ನ ಬಂದ್ ಮಾಡ್ರೆಪಾ,” ಎಂದರು ವೈನಿಯವರು ಹಿಂದಿನಿಂದ. “ಅವರ ಕಣ್ಣ ತೆರದಽ ಅದಾವ. ಯಾರರ ಮುಚ್ಚರಿ.”

ನಮ್ಮಿಬ್ಬರ ಕೈಯಲ್ಲೂ ತಂತಿಗಳಿದ್ದವು. ವೈನಿಯವರೇ ಮುಂದೆ ಬಂದು ಮುಚ್ಚಿದರು.