ಮಕ್ಕಳನ್ನು ಎಲ್ಲಿಡಲಿ ಎಂದು ಕೇಳಿದ ಆಯಾ

ಬೆಳಗಿನ ಐದೂಮುಕ್ಕಾಲು. ಸರ್ಕಾರಿ ತರಬೇತಿ ಕೇಂದ್ರದ ಮಕ್ಕಳ ಕೋಣೆಯಲ್ಲಿ ಆಯಾ ಮೊಣಕಾಲೂರಿ ನೆಲ ಒರೆಸುತ್ತಿದ್ದಾರೆ. ಒರೆಸಿದ ಮೇಲೂ ಅಂಗೈಯಿಂದ ಸವರಿ ನೋಡುತ್ತಾರೆ. "ಪೊರಕೆ ಕಣ್ಣಿಗೆ ಪಿನ್ನು ಕಾಣಲ್ಲ. ಕೂಸಿನ ಬಾಯಿಗೆ ಕಾಣುತ್ತೆ."

ಆರೂವರೆಗೆ ಮೊದಲ ತಾಯಿ ಓಡಿ ಬರುತ್ತಾಳೆ. "ಅಕ್ಕಾ, ಹಲ್ಲು ಬರ್ತಿದೆ, ಒಂದೇ ಸಮ ಅಳ್ತಿದಾನೆ."

"ಅಳಲಿ ಬಿಡು. ನಿನಗೆ ಹಲ್ಲು ಬಂದಾಗ ನಿಮ್ಮಮ್ಮ ಊರು ಬಿಟ್ಟಿದ್ಲಾ? ನಡಿ, ಏಳಕ್ಕೆ ಪರೀಕ್ಷೆ!"

ಹತ್ತೊಂಬತ್ತು ಮಕ್ಕಳು. ಎಲ್ಲಕ್ಕಿಂತ ಚಿಕ್ಕದಕ್ಕೆ ಎಂಟು ತಿಂಗಳು. ಅಂಗಳದಾಚೆಯ ಶೆಡ್ಡಿನಲ್ಲಿ ತಾಯಂದಿರು ಸುಟ್ಟ ಮೋಟಾರು ಬಿಚ್ಚಿ ಹೊಸ ತಂತಿ ಸುತ್ತುವುದನ್ನು ಕಲಿಯುತ್ತಾರೆ. ಅಲ್ಲಿಗೆ ಫೋನು ಒಯ್ಯುವಂತಿಲ್ಲ. ಅದಕ್ಕೆ ಆಯಾ ಶೆಡ್ಡಿಗೆ ಕಾಣುವ ಕಿಟಕಿಯ ಸರಳುಗಳಿಗೆ ಬಣ್ಣದ ಬಟ್ಟೆ ಕಟ್ಟುತ್ತಾರೆ. ಒಬ್ಬೊಬ್ಬ ತಾಯಿಗೆ ಒಂದೊಂದು ಸರಳು. ಹಳದಿ ಕಂಡರೆ ಹಾಲೂಡಿಸಲು ಬಾ. ಕೆಂಪು ಕಂಡರೆ ಜ್ವರ, ಈಗಲೇ ಬಾ. ಸರಳು ಬರಿದಾಗಿದ್ದರೆ ನಿಶ್ಚಿಂತೆಯಾಗಿ ಕೆಲಸ ಮಾಡು.

ಇಪ್ಪತ್ತಾರು ವರ್ಷದ ಹಿಂದೆ ಇದೇ ಶೆಡ್ಡಿಗೆ ಆಯಾ ಕೂಡ ಕಲಿಯಲು ಸೇರಿದ್ದರು. ಗಂಡ ತೀರಿಕೊಂಡಿದ್ದ, ಕಂಕುಳಲ್ಲಿ ವರ್ಷದ ಮಗಳು. ಹನ್ನೊಂದನೇ ದಿನಕ್ಕೆ ಬಿಟ್ಟರು. "ಮಗೂನ ಗೇಟಿನ ಹತ್ರ ಬಿಟ್ಟು ಒಳಗೆ ಬಾ ಅಂದ್ರು. ಮಗು ಏನು ಚಪ್ಪಲಿನಾ?"

ಈ ಕೋಣೆಗೆ ಸರ್ಕಾರ ಹಣ ಕೊಟ್ಟು ಆರು ವರ್ಷವಾಯಿತು. ಅದಕ್ಕೆ ಮೊದಲು ಇಪ್ಪತ್ತನಾಲ್ಕು ಹೆಂಗಸರು ಸೇರಿದರೆ ಕೊನೆಗೆ ಒಂಬತ್ತು ಜನ ಉಳಿಯುತ್ತಿದ್ದರು. ಈ ಸಲ ಇಪ್ಪತ್ತೆರಡು. ಇಷ್ಟು ಕಣ್ಣೆದುರಿಗಿದ್ದರೂ ಮೂರು ತಿಂಗಳ ಹಿಂದೆ ಹೊಸ ಅಧಿಕಾರಿ ಆದೇಶ ಬರೆದರು: ಮಕ್ಕಳನ್ನು ನೋಡಿಕೊಳ್ಳುವುದು ಮನೆಯವರ ಕೆಲಸ, ಕೋಣೆಗೆ ಬೀಗ ಹಾಕಿ, ಅಲ್ಲಿ ಕಡತ ಇಡಬೇಕು. ಮನೆಯವರು ಎಂದರೆ ಯಾರು ಸ್ವಾಮಿ? ಶೆಡ್ಡಿನಲ್ಲಿ ತಂತಿ ಸುತ್ತುತ್ತಿರುವ ಆ ಹೆಂಗಸೇ ತಾನೆ! ಕಡತಕ್ಕೆ ಹಸಿವಾಗುತ್ತದೆಯೇ, ಜ್ವರ ಬರುತ್ತದೆಯೇ?

ಆಯಾ ಆದೇಶ ಪಾಲಿಸಿದರು. ಬೀಗ ಹಾಕಿದರು. ಚಾಪೆ ಸಮೇತ ಹತ್ತೊಂಬತ್ತು ಮಕ್ಕಳನ್ನೂ ಅಧಿಕಾರಿಯ ಕೋಣೆಗೆ ಸಾಗಿಸಿದರು.

"ಏನಮ್ಮಾ ಇದು?"

"ಬೀಗ ಹಾಕಿ ಅಂದ್ರಿ, ಹಾಕಿದೆ ಸಾರ್. ಮಕ್ಕಳನ್ನ ಎಲ್ಲಿಡಲಿ ಅಂತ ನೀವು ಬರೆದಿಲ್ಲ."

"ಹೊರಗೆ ಕೂರಿಸು!"

"ಬಿಸಿಲಲ್ಲಿ ಕೂರಿಸು ಅಂತ ಬರೆದು ಸಹಿ ಹಾಕ್ಕೊಡಿ ಸಾರ್, ಕೂರಿಸ್ತೀನಿ."

ಸಹಿ ಬೀಳಲಿಲ್ಲ. ಹನ್ನೊಂದು ಗಂಟೆಗೆ ಒಂದು ಕೂಸು ಮೇಜಿನ ಕೆಳಗೆ ಉಚ್ಚೆ ಹೊಯ್ದಿತು. ಇನ್ನೊಂದು ಮುದ್ರೆಯ ಇಂಕಿಗೆ ಅಂಗೈ ಅದ್ದಿ ಗೋಡೆಗೆಲ್ಲ ಒತ್ತಿತು. ಊಟದ ಹೊತ್ತಿಗೆ ಬೀಗ ತೆಗೆಯಲು ಬಾಯಿಮಾತಿನ ಅಪ್ಪಣೆ ಬಂತು, ಪರೀಕ್ಷೆ ಮುಗಿಯುವವರೆಗೆ ಮಾತ್ರ.

ಆ ಪರೀಕ್ಷೆ ಇವತ್ತು, ಶನಿವಾರ ಮುಗಿಯುತ್ತಿದೆ. ಮಧ್ಯಾಹ್ನ ಎರಡಕ್ಕೆ ಶೆಡ್ಡಿನಿಂದ ಕೂಗು ಕೇಳುತ್ತದೆ: ಇಪ್ಪತ್ತೆರಡು ಮೋಟಾರೂ ತಿರುಗಿವೆ! ಸೋಮವಾರ ಹೊಸ ತಂಡ ಬರುತ್ತದೆ. ಮುಚ್ಚುವ ಆದೇಶ ಮಾತ್ರ ಇನ್ನೂ ರದ್ದಾಗಿಲ್ಲ.

"ಸೋಮವಾರ ಬೀಗ ಬಿದ್ದರೆ?" ಎಂದು ನಾನು ಕೇಳಿದರೆ ಆಯಾ ತಿರುಗಿಯೂ ನೋಡುವುದಿಲ್ಲ. ಪುಟ್ಟ ಹೊದಿಕೆಗಳನ್ನು ಹಿಂಡಿ ಹಗ್ಗದ ಮೇಲೆ ಹರಡುತ್ತಿದ್ದಾರೆ.

"ಆ ಕಡೆ ತುದಿ ಸ್ವಲ್ಪ ಹಿಡ್ಕೊಳ್ಳಿ. ಹೊಸ ಮಕ್ಕಳಿಗೆ ಹಸಿ ಹೊದಿಕೆ ಹೊದಿಸೋಕಾಗುತ್ತಾ?"